ಐರಿನ್ ಮೇಡಂ ಹಣೆಯ ಬೂದಿ

ಶಕುನ, ಪವಾಡ, ದೇವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಮಾತು ಶುರುವಾದರೆ ನಾನು ಎದ್ದು ಚಹಾ ಮಾಡಲು ಹೋಗುವವಳು. ನನ್ನ ಅಕ್ಕನಿಗೆ ತೆಂಗಿನಕಾಯಿ ಒಡೆದರೂ ಅದರಲ್ಲಿ ಏನೋ ಕಾಣುತ್ತದೆ, ಹಲ್ಲಿ ಲೊಚಗುಟ್ಟಿದರೂ ಏನೋ ಕೇಳಿಸುತ್ತದೆ. ನನಗೆ ತೆಂಗಿನಕಾಯಿಯಲ್ಲಿ ಚಟ್ನಿ ಬಿಟ್ಟರೆ ಬೇರೇನೂ ಕಂಡದ್ದಿಲ್ಲ. ಗಣಿತ ಕಲಿಸಿ ಹೊಟ್ಟೆ ಹೊರೆದವಳು ನಾನು. ಉತ್ತರ ಸರಿ ಬಂದರೆ ಸಾಲದು, ಹೇಗೆ ಬಂತು ಎಂದು ಹಂತ ಹಂತವಾಗಿ ತೋರಿಸಿದರೇ ಅಂಕ ಕೊಡುತ್ತಿದ್ದೆ. ಅಂಥ ನಾನೇ ಈಗ ಹಂತ ತೋರಿಸಲಾಗದ ಒಂದು ಸಂಗತಿ ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಧಾರವಾಡದವಳಾದ ನಾನು ಗುಜರಾತಿಗೆ ಬಂದದ್ದು ಗಂಡನ ನೌಕರಿಯ ಹಿಂದೆ. ಮೊದಲು ಅಹಮದಾಬಾದಿನಲ್ಲಿ ಕೆಲವು ವರ್ಷ, ಆಮೇಲೆ ವಡೋದರಾಕ್ಕೆ ವರ್ಗ. ಮಂಜಲ್‌ಪುರದಲ್ಲಿ ಮನೆ ಹಿಡಿದೆವು. ಮನೆಗೆ ಹತ್ತಿರದಲ್ಲೇ ಒಂದು ಟ್ರಸ್ಟಿನವರ ಇಂಗ್ಲಿಷ್ ಮಾಧ್ಯಮದ ಶಾಲೆ ಇತ್ತು, ಅಲ್ಲಿ ನನಗೆ ಗಣಿತ ಕಲಿಸುವ ಕೆಲಸ ಸಿಕ್ಕಿತು. ಅದರ ಪ್ರಿನ್ಸಿಪಾಲರೇ ಐರಿನ್ ಮೇಡಂ. ಬಂಟ್ವಾಳದ ಕಡೆಯ ಕ್ಯಾಥೊಲಿಕ್ ಹೆಂಗಸು. ಮದುವೆಯಾಗಿರಲಿಲ್ಲ, ಶಾಲೆಯೇ ಸಂಸಾರ. ಇಡೀ ಶಾಲೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮನೆಯಲ್ಲಿ ನನ್ನ ಮಗನ ಕನ್ನಡ ಮುಕ್ಕಾಲು ಪಾಲು ಗುಜರಾತಿಯಾಗಿ ಹೋಗಿತ್ತು. ಹಾಗಾಗಿ ಅವರ ಮಂಗಳೂರು ಕನ್ನಡ ಕಿವಿಗೆ ಬಿದ್ದರೆ ನನಗೆ ಹಬ್ಬ.

ಅವರ ಮೇಲೆ ನನಗಿದ್ದ ಗೌರವ ಸಣ್ಣದಲ್ಲ. ತಗಡಿನ ಶೆಡ್ಡಿನಲ್ಲಿ ಶುರುವಾದ ಶಾಲೆಯನ್ನು ಮೂರು ಅಂತಸ್ತಿಗೆ ಏರಿಸಿದವರು ಅವರು. ಟ್ರಸ್ಟಿಗಳ ಮೊಮ್ಮಕ್ಕಳಿಗೂ ರಿಕ್ಷಾ ಓಡಿಸುವವರ ಮಕ್ಕಳಿಗೂ ಅವರ ಹತ್ತಿರ ಒಂದೇ ಬೈಗುಳ, ಒಂದೇ ಅಕ್ಕರೆ. ಜ್ವರ ಬಂದ ಮಗುವನ್ನು ತಮ್ಮ ಸ್ಕೂಟರಿನಲ್ಲೇ ಮನೆ ಮುಟ್ಟಿಸಿ ಬರುತ್ತಿದ್ದರು. ಕಾರಿಡಾರಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಮಕ್ಕಳಿರಲಿ, ಶಿಕ್ಷಕರೇ ಮೊಬೈಲು ಜೇಬಿಗೆ ಇಳಿಸುತ್ತಿದ್ದರು. ಟ್ರಸ್ಟಿಗಳು ಕೂಡ ಅವರು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು, ಆಮೇಲೆ ತಾವೇಕೆ ಎದ್ದೆವು ಎಂದು ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಗೇಟಿನ ಮೇಲೆ ಒಂದು ದೊಡ್ಡ ಬೋರ್ಡು ಇತ್ತು. ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಎಂದು ಅದರಲ್ಲಿ ಬರೆಸಿದ್ದರು. ವರ್ಷ ವರ್ಷವೂ ಅದಕ್ಕೆ ಹೊಸ ಬಣ್ಣ. ಆ ನೂರು ಹೇಗೆ ಬರುತ್ತದೆ ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬೋರ್ಡ್ ಪರೀಕ್ಷೆಗೆ ಮುನ್ನ ಶಾಲೆಯಲ್ಲೇ ನಡೆಸುವ ಪ್ರಿಲಿಮ್ ಪರೀಕ್ಷೆಯಲ್ಲಿ ಫೇಲಾದವರ ತಂದೆತಾಯಿಯನ್ನು ಕರೆಸುವುದು, ಮಗುವಿಗೆ ಆರೋಗ್ಯ ಸರಿಯಿಲ್ಲ, ಈ ವರ್ಷ ಪರೀಕ್ಷೆಗೆ ಕೂರುವುದಿಲ್ಲ ಎಂದು ಅವರ ಕೈಯಿಂದಲೇ ಬರೆಸಿಕೊಳ್ಳುವುದು. ಹಾಲ್ ಟಿಕೆಟ್ ಮೇಲೆ ಪ್ರಿನ್ಸಿಪಾಲರ ಸಹಿ, ಮೊಹರು ಬಿದ್ದರೇ ಮಗುವಿಗೆ ಪರೀಕ್ಷೆ. ಹಾಗಾಗಿ ಅವರು ಬೇಡವೆಂದರೆ ಮುಗಿಯಿತು. ಐರಿನ್ ಮೇಡಂ ಇದನ್ನು ಮೋಸವೆಂದು ಎಣಿಸಿರಲಿಲ್ಲ. ನಾನು ಒಂದೆರಡು ಸಲ ತಕರಾರು ತೆಗೆದಾಗ, “ನೀವು ಗಣಿತ ಕಲಿಸಿ ಮಾರಾಯ್ರೆ, ಶಾಲೆ ನಡೆಸುದು ನನಗೆ ಬಿಡಿ” ಎಂದಿದ್ದರು.

ವಿಚಿತ್ರವೆಂದರೆ ಇದೇ ಹೆಂಗಸು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಸೊಕ್ಕಿನ ಮೇಲೆ ಕಥೆ ಹೇಳುತ್ತಿದ್ದರು. ಅವರ ಧರ್ಮದ ಹಳೆಯ ಕಥೆ. ಒಬ್ಬ ರಾಜ ಅರಮನೆಯ ಮಾಳಿಗೆ ಹತ್ತಿ, ಈ ಪಟ್ಟಣವನ್ನೆಲ್ಲ ನನ್ನ ಬಲದಿಂದ ನಾನೇ ಕಟ್ಟಿದೆ ಎಂದನಂತೆ. ಆ ಮಾತು ಇನ್ನೂ ಬಾಯಲ್ಲಿರುವಾಗಲೇ ಬುದ್ಧಿ ಕೆಟ್ಟು, ಎತ್ತಿನ ಹಾಗೆ ಹುಲ್ಲು ಮೇಯುತ್ತ ಬಯಲಲ್ಲಿ ಅಲೆದನಂತೆ. ಕಣ್ಣೆತ್ತಿ ಆಕಾಶ ನೋಡಿದ ಮೇಲೆಯೇ ಅವನಿಗೆ ಬುದ್ಧಿ ಮರಳಿದ್ದು. ಹುಲ್ಲಿನ ಮಾತು ಬಂದಾಗ ಮಕ್ಕಳು ನಗುತ್ತಿದ್ದರು, ಮೇಡಂ ನಗುತ್ತಿರಲಿಲ್ಲ. ಅವರ ಭಕ್ತಿಯಲ್ಲಿ ನಾಟಕವಿರಲಿಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆ ರಾಜನಿಗೂ ತಮಗೂ ಏನಾದರೂ ಸಂಬಂಧ ಇರಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೇ.

ಅವರ ಉಪವಾಸದ ಕಾಲ ಶುರುವಾಗುವ ದಿನಕ್ಕೆ ವಿಭೂತಿ ಬುಧವಾರ ಎನ್ನುತ್ತಾರೆ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಹಂಚಿದ ತಾಳೆಗರಿಗಳನ್ನು ಸುಟ್ಟು ಬೂದಿ ಮಾಡಿ, ಪಾದ್ರಿಗಳು ಅದರಲ್ಲಿ ಹೆಬ್ಬೆರಳು ಅದ್ದಿ ಒಬ್ಬೊಬ್ಬರ ಹಣೆಯ ಮೇಲೂ ಶಿಲುಬೆ ಎಳೆಯುತ್ತಾರೆ. ನೀನು ಎಷ್ಟೇ ದೊಡ್ಡವನಾದರೂ ಕೊನೆಗೆ ಮಣ್ಣೇ ಎಂದು ನೆನಪು ಮಾಡಿಕೊಡುವ ಶಾಸ್ತ್ರ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಒಂದು ಬುಧವಾರ ಅವರ ಹಣೆ ನೋಡಿ, “ಅಯ್ಯ, ನೀವೂ ನಮ್ಮಂಗ ವಿಭೂತಿ ಹಚ್ಕೋತೀರೇನ್ರಿ ಮೇಡಂ?” ಎಂದಿದ್ದೆ. ಇಬ್ಬರೂ ನಕ್ಕಿದ್ದೆವು. ನಮ್ಮ ತವರಿನಲ್ಲಿ ವಿಭೂತಿ ಧರಿಸದೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ನಾನು ದೇವರನ್ನು ಅಷ್ಟಾಗಿ ಹಚ್ಚಿಕೊಳ್ಳದಿದ್ದರೂ ಈ ಅಭ್ಯಾಸವೊಂದು ಹೋಗಿಲ್ಲ. ಯಾರ ಹಣೆಯ ಮೇಲೆ ಬೂದಿ ಕಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದು ಉದುರಿದ್ದರೆ, ಸೊಟ್ಟಗಿದ್ದರೆ ಹೇಳದೆ ಸುಮ್ಮನಿರಲಾಗುವುದಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಆ ವರ್ಷ ಪ್ರಿಲಿಮ್‌ನಲ್ಲಿ ಬಿದ್ದವರಲ್ಲಿ ಹೇತಲ್ ಎಂಬ ಹುಡುಗಿಯೂ ಇದ್ದಳು. ದಡ್ಡಿಯಲ್ಲ, ನಿಧಾನ. ಬೀಜಗಣಿತದ ಲೆಕ್ಕ ಬಂದರೆ ಪುಟವನ್ನೇ ಮಗುಚಿಬಿಡುತ್ತಿದ್ದಳು. ಅವಳ ತಾಯಿ ಹಂಸಾಬೆನ್ ಅಂಗಡಿಯೊಂದರ ಮೂಲೆಯಲ್ಲಿ ಕೂತು ಸೀರೆಗೆ ಫಾಲ್ ಹಚ್ಚುವವಳು. ಈ ವರ್ಷ ಪರೀಕ್ಷೆ ತಪ್ಪಿದರೆ ಓದು ಬಿಡಿಸಿ, ಸೂರತ್ತಿನಲ್ಲಿ ಸೀರೆಗೆ ಕಲ್ಲು ಅಂಟಿಸುವ ಚಿಕ್ಕಪ್ಪನ ಬಳಿ ಕೆಲಸಕ್ಕೆ ಕಳಿಸುತ್ತೇನೆ ಎಂದು ಹುಡುಗಿಯ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಅಂದರೆ ಐರಿನ್ ಮೇಡಂ ಅವರ ಒಂದು ಸಹಿಯ ಮೇಲೆ ಆ ಹುಡುಗಿಯ ಓದು ನಿಂತಿತ್ತು.

ಆ ವರ್ಷದ ವಿಭೂತಿ ಬುಧವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು. ಹಂಸಾಬೆನ್ ಕುರ್ಚಿಯ ಅಂಚಿಗೆ ಕೂತಿದ್ದಳು, ಕೈಯಲ್ಲಿ ಆ ಪತ್ರ ಬರೆಯಲು ಮೇಡಂ ಕೊಟ್ಟ ಬಿಳಿ ಹಾಳೆ. ಪಕ್ಕದಲ್ಲಿ ವೈಸ್ ಪ್ರಿನ್ಸಿಪಾಲ್ ಪರೇಶ್‌ಭಾಯಿ. ಹುಡುಗಿ ಪಾಸಾಗುವುದಿಲ್ಲ ಎಂದು ಗಣಿತದ ಟೀಚರಾಗಿ ನಾನು ಒಂದು ಮಾತು ಹೇಳಬೇಕು, ಅದಕ್ಕೇ ಕರೆಸಿದ್ದು. ಹೇಳಲಾರೆ ಎಂದೆ. ಅವಳು ಕೂರಲಿ, ಬಿದ್ದರೆ ಬೀಳಲಿ ಎಂದೆ. ಮೇಡಂ ಮುಖ ಕೆಂಪಾಯಿತು. ನನಗೆ ಉತ್ತರ ಕೊಡದೆ ಹಂಸಾಬೆನ್ ಕಡೆ ತಿರುಗಿ, ಗುಜರಾತಿಯಲ್ಲಿ, ಈ ಶಾಲೆ ನಾನು ಕಟ್ಟಿದ್ದು, ಇಲ್ಲಿ ಯಾರು ಪರೀಕ್ಷೆಗೆ ಕೂರಬೇಕು ಎಂದು ತೀರ್ಮಾನ ಮಾಡುವವಳು ನಾನು, ನನ್ನ ಮೇಲೆ ಯಾರೂ ಇಲ್ಲ ಎಂದರು. ಹಂಸಾಬೆನ್ ಬರೆಯಲು ಪೆನ್ನು ಎತ್ತಿದಳು.

ನಾನು ಮೇಡಂ ಮುಖ ನೋಡಿದೆ. ಅವರ ಹಣೆಯ ಮೇಲೆ ಬೂದಿಯ ಶಿಲುಬೆ ಇತ್ತು. ಮಬ್ಬಾಗಿ ಅಲ್ಲ, ಈಗಷ್ಟೇ ಹಚ್ಚಿದ ಹಾಗೆ ಕಪ್ಪಗೆ, ಮೇಲೆ ದಪ್ಪ, ಕೆಳಗೆ ಸ್ವಲ್ಪ ಎಡಕ್ಕೆ ವಾಲಿತ್ತು. ಬೂದಿಯ ಎರಡು ಕಣ ಮೂಗಿನ ಮೇಲೂ ಬಿದ್ದಿದ್ದವು. ನಿಜ ಹೇಳುತ್ತೇನೆ, ನನಗೆ ಆಗ ಏನೂ ಅನ್ನಿಸಲಿಲ್ಲ. ಇವತ್ತು ಅವರ ಬುಧವಾರ, ಬೆಳಿಗ್ಗೆ ಚರ್ಚಿಗೆ ಹೋಗಿ ಬಂದಿದ್ದಾರೆ, ನಾನೇ ಇಷ್ಟು ಹೊತ್ತು ಗಮನಿಸಿಲ್ಲ ಎಂದುಕೊಂಡೆ. ಸಿಟ್ಟಿನಲ್ಲಿದ್ದರೂ ಹಳೇ ಅಭ್ಯಾಸ ಬಿಡಲಿಲ್ಲ. “ಮೇಡಂ, ವಿಭೂತಿ ಮೂಗಿನ ಮ್ಯಾಲೆ ಉದುರೇದ ನೋಡ್ರಿ, ಒರಿಸ್ಕೋರಿ” ಎಂದೆ. ಕನ್ನಡದಲ್ಲಿ ಹೇಳಿದ್ದರಿಂದ ಉಳಿದಿಬ್ಬರಿಗೆ ಅರ್ಥವಾಗಲಿಲ್ಲ.

ಅವರು ಮೂಗು ಒರೆಸಿಕೊಂಡು ಬೆರಳು ನೋಡಿದರು. ಬೆರಳಿನಲ್ಲಿ ಏನೂ ಇರಲಿಲ್ಲ. “ಎಂತ ವಿಭೂತಿ?” ಎಂದರು. ನಿಮ್ಮ ಹಣೆಯ ಮೇಲಿನದು ಎಂದೆ. ಒಂದು ಕ್ಷಣ ನನ್ನನ್ನೇ ನೋಡಿದರು. ಪರೇಶ್‌ಭಾಯಿಯನ್ನು ತಮ್ಮ ಹಣೆಯ ಮೇಲೆ ಏನಾದರೂ ಇದೆಯೇ ಎಂದು ಕೇಳಿದರು. ಆತ ಕನ್ನಡಕ ಸರಿಮಾಡಿಕೊಂಡು ನೋಡಿ ಇಲ್ಲವೆಂದ. ನನಗೆ ಮಾತ್ರ ಆಗಲೂ ಕಾಣುತ್ತಿತ್ತು. ಮೇಡಂ ಕೈಚೀಲದಿಂದ ಸಣ್ಣ ಕನ್ನಡಿ ತೆಗೆದು ಅದರಲ್ಲಿ ತುಂಬ ಹೊತ್ತು ಮುಖ ನೋಡಿಕೊಂಡರು. ಅವರ ಬಣ್ಣ ಇಳಿದುಹೋಯಿತು. ಕನ್ನಡಿ ಮೇಜಿನ ಮೇಲಿಟ್ಟು ತಲೆ ತಗ್ಗಿಸಿದರು. ತಲೆ ಎತ್ತಿದಾಗ ಹಣೆ ಸ್ವಚ್ಛವಾಗಿತ್ತು.

“ನಾನು ಇನ್ನೂ ಇಗರ್ಜಿಗೆ ಹೋಗ್ಲಿಲ್ಲ” ಎಂದರು ನನಗೆ ಮಾತ್ರ ಕೇಳುವಂತೆ. “ಪೂಜೆ ಇರುದು ಸಂಜೆ.”

ನನ್ನ ಮೈ ಜುಮ್ಮೆಂದಿತು. ಹೆದರಿಕೆಯೂ ಆಯಿತು, ಸುಳ್ಳೇಕೆ ಹೇಳಲಿ.

ಐರಿನ್ ಮೇಡಂ ಡ್ರಾಯರ್ ಎಳೆದು ಹೇತಲ್‌ಳ ಹಾಲ್ ಟಿಕೆಟ್ ತೆಗೆದರು, ಸಹಿ ಹಾಕಿ ಮೊಹರು ಒತ್ತಿದರು. ಎದ್ದು ಮೇಜು ಸುತ್ತಿ ಬಂದು ಹಂಸಾಬೆನ್ ಕೈಯಿಂದ ಹಾಳೆ ತೆಗೆದುಕೊಂಡು ಹರಿದರು. ಎರಡೂ ಕೈಯಿಂದ ಹಾಲ್ ಟಿಕೆಟ್ ಕೊಟ್ಟು, “ಮಾಫ್ ಕರಜೋ, ಬೆನ್” ಎಂದರು. ಯಾರ ಮುಂದೆಯೂ ತಗ್ಗದ ಹೆಂಗಸು ಫಾಲ್ ಹಚ್ಚುವ ಹೆಂಗಸಿನ ಮುಂದೆ ನಿಂತು ಕ್ಷಮೆ ಕೇಳಿದರು. ಹಂಸಾಬೆನ್ ಏನೂ ತಿಳಿಯದೆ ಅವರ ಕಾಲು ಮುಟ್ಟಲು ಬಾಗಿದಳು, ಅವರು ಬಿಡಲಿಲ್ಲ. ಪರೇಶ್‌ಭಾಯಿ ರಿಸಲ್ಟು, ರಿಸಲ್ಟು ಎನ್ನುತ್ತಲೇ ಇದ್ದ. ಹೀಗೆ ಬರೆಸಿಕೊಂಡು ತಡೆದಿದ್ದ ಉಳಿದ ಮಕ್ಕಳಿಗೂ ಅವತ್ತೇ ಫೋನು ಮಾಡಿಸಿದರು, ಎಲ್ಲರ ಹಾಲ್ ಟಿಕೆಟ್‌ಗಳೂ ಡ್ರಾಯರಿನಿಂದ ಹೊರಬಂದವು.

ಸಂಜೆ ಅವರ ಜೊತೆ ನಾನೂ ಚರ್ಚಿಗೆ ಹೋದೆ. ಕರೆದದ್ದು ಅವರೇ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಸಾಲಿನಲ್ಲಿ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಅವರು ಹಿಂದಿರುಗಿದಾಗ ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಅದೇ ಶಿಲುಬೆ. ಮೇಲೆ ದಪ್ಪ, ಕೆಳಗೆ ಎಡಕ್ಕೆ ವಾಲಿದ್ದು, ಮೂಗಿನ ಮೇಲೆ ಎರಡು ಕಣ. ಮಧ್ಯಾಹ್ನ ಕಂಡದ್ದನ್ನೇ ಸಂಜೆ ಕಂಡೆನೋ, ಸಂಜೆ ಕಂಡದ್ದು ಹೋಗಿ ಮಧ್ಯಾಹ್ನದ ನೆನಪಿನಲ್ಲಿ ಕೂತಿತೋ ಎಂದು ನಾನು ಆಮೇಲೆ ಎಷ್ಟೋ ಸಲ ನನ್ನನ್ನೇ ಪ್ರಶ್ನಿಸಿಕೊಂಡಿದ್ದೇನೆ. ಕಿಟಕಿಯ ಸರಳಿನ ನೆರಳೇ? ಆ ಕೋಣೆಯ ಕಿಟಕಿ ಅವರ ಬೆನ್ನ ಹಿಂದಿತ್ತು. ಕಣ್ಣಿನ ದೋಷವೇ? ಡಾಕ್ಟರಿಗೆ ತೋರಿಸಿದೆ, ಏನೂ ಇಲ್ಲವೆಂದರು. ಆ ದಿನ ಬುಧವಾರವೆಂದು ಮನಸ್ಸಿನಲ್ಲಿದ್ದು, ಅದೇ ಕಣ್ಣಿಗೆ ಕಟ್ಟಿತು ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು.

ಹೇತಲ್ ಫೇಲಾದಳು. ಇನ್ನೂ ಕೆಲವರು ಫೇಲಾದರು. ಶಾಲೆಯ ನೂರು ಹೋಯಿತು. ಐರಿನ್ ಮೇಡಂ ಯಾರೂ ಹೇಳುವ ಮುಂಚೆ ತಾವೇ ನಿಂತು ಬೋರ್ಡು ಇಳಿಸಿದರು. ಎದ್ದು ನಿಲ್ಲುತ್ತಿದ್ದ ಟ್ರಸ್ಟಿಗಳು ಈ ಸಲ ಕೂತೇ ಮಾತಾಡಿದರು. ತೀರ್ಮಾನ ನನ್ನದು, ಟೀಚರುಗಳದ್ದಲ್ಲ ಎಂದಷ್ಟೇ ಮೇಡಂ ಹೇಳಿದ್ದು. ಪ್ರಿನ್ಸಿಪಾಲ್ ಹುದ್ದೆ ಹೋಯಿತು. ಊರು ಬಿಡುವ ಮುನ್ನ ಬೇಸಿಗೆಯಿಡೀ ಫೇಲಾದ ಮಕ್ಕಳನ್ನು ತಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿ ಓದಿಸಿದರು, ಗಣಿತಕ್ಕೆ ನನ್ನನ್ನು ಕರೆದರು. ಜುಲೈನ ಪೂರಕ ಪರೀಕ್ಷೆಯಲ್ಲಿ ಹೇತಲ್ ಅಂಚಿನಲ್ಲಿ ಪಾಸಾದಳು. ಒಮ್ಮೆ ಕೂತು ಬಿದ್ದದ್ದರಿಂದಲೇ ಅವಳಿಗೆ ಮತ್ತೆ ಕೂರುವ ಅವಕಾಶ ಸಿಕ್ಕಿದ್ದು. ಈಗ ನರ್ಸಿಂಗ್ ಓದಿ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ.

ಐರಿನ್ ಮೇಡಂ ಈಗ ಸೂರತ್ತಿನ ಅಡಾಜಣ್‌ನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಕಳೆದ ವರ್ಷ ಹೋಗಿ ನೋಡಿ ಬಂದೆ. ಕೆಲಸ ಬಿಟ್ಟ ಮೇಲೆ ನನ್ನನ್ನು ಏಕವಚನದಲ್ಲಿ ಕರೆಯುತ್ತಾರೆ, ನನಗೆ ಅದು ಇಷ್ಟ. ಇಷ್ಟು ವರ್ಷ ಕೇಳಲು ಧೈರ್ಯವಾಗದ್ದನ್ನು ಅವತ್ತು ಕೇಳಿಬಿಟ್ಟೆ. “ಆವತ್ತು ಕನ್ನಡಿಯೊಳಗ ನಿಮಗೂ ಕಾಣಸ್ತಲ್ರಿ ಮೇಡಂ?”

ಅವರು ಮೀನು ಹೆಚ್ಚುತ್ತಿದ್ದವರು ಕೈ ನಿಲ್ಲಿಸಿದರು. “ಇಲ್ಲ ಮಾರಾಯ್ತಿ. ಕನ್ನಡಿಯಲ್ಲಿ ಬೂದಿಗೀದಿ ಎಂತದೂ ಇರ್ಲಿಲ್ಲ. ನನ್ನ ಮುಖ ಮಾತ್ರ ಇತ್ತು.”

“ಮತ್ಯಾಕ ಸಹಿ ಹಾಕಿದ್ರಿ?”

“ನೀನು ಸುಳ್ಳು ಹೇಳುವವಳಲ್ಲ ಅಂತ ಗೊತ್ತಿತ್ತಲ್ಲ” ಎಂದು ಅವರು ಮತ್ತೆ ಮೀನಿನ ಕಡೆ ತಿರುಗಿದರು.

ಕಟ್ಟಿದ್ದನ್ನೆಲ್ಲ ಅವರು ಕಳೆದುಕೊಂಡದ್ದು ತಾವು ಕಾಣದ ಒಂದು ಗುರುತಿಗಾಗಿ, ದೇವರನ್ನು ಅಷ್ಟಾಗಿ ನಂಬದ ನನ್ನ ಒಂದು ಮಾತಿಗಾಗಿ. ಕಂಡವಳು ನಾನು. ಆದರೂ ಅದನ್ನು ಅವರು ನಂಬಿದಷ್ಟು ನಂಬಲು ನನ್ನಿಂದ ಇನ್ನೂ ಆಗಿಲ್ಲ.