ಎರಡು ಗೆರೆ

ಅಜ್ಜಂಪುರದ ಲ್ಯಾಬಿನಲ್ಲಿ ನನ್ನ ಕೆಲಸವೆಂದರೆ ಗೆರೆ ಕಾಯುವುದು. ಬೆರಳುದ್ದದ ಕಾಗದದ ಪಟ್ಟಿ, ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ, ಮೇಲೊಂದು ಹನಿ ರಕ್ತ; ನಮ್ಮ ಬಾಯಲ್ಲಿ ಅದು ಕಾರ್ಡು. ಒಂದೇ ಗೆರೆ ಮೂಡಿದರೆ ಡೆಂಗಿ ಇಲ್ಲ, ಎರಡು ಮೂಡಿದರೆ ಇದೆ. ದೊಡ್ಡ ಮಿಷನ್ನು ಬೇಡ, ಶಿವಮೊಗ್ಗಕ್ಕೆ ಓಡುವುದೂ ಬೇಡ. ಅಗ್ಗದ ಕಾಗದವೆಂದು ಮೂಗು ಮುರಿಯುವವರಿಗೆ ನಾನು ಚೆನ್ನಾಗಿಯೇ ಬಯ್ದಿದ್ದೇನೆ.

ನನ್ನವರು ಕಡೂರಿನಲ್ಲಿ, ಅತ್ತೆಯ ಜೊತೆ. ರೈಲು ಹತ್ತಿದರೆ ಎಷ್ಟು ಮಹಾ ಹೊತ್ತಿನ ದಾರಿ! ಆದರೂ ನನ್ನ ಮಡಿಲು ತುಂಬಲಿಲ್ಲವೆಂದು ಅತ್ತೆ ಹೋದಲ್ಲಿ ಬಂದಲ್ಲಿ ಆಡತೊಡಗಿದ ಮೇಲೆ, ಅವರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಂಡು, ಒಂದೇ ತಟ್ಟೆ ತೊಳೆದಿಡುತ್ತಿದ್ದೆ.

ಹೋದ ಮಳೆಗಾಲದಲ್ಲಿ ನನಗೇ ಜ್ವರ ಹಿಡಿಯಿತು. ಲ್ಯಾಬಿನಲ್ಲಿ ನನ್ನ ಬೆರಳನ್ನೇ ಚುಚ್ಚಿಕೊಂಡೆ. ಎರಡು ಗೆರೆ. ಡಾಕ್ಟರು ಮಾತ್ರೆ ಕೊಟ್ಟು, ಒಬ್ಬರೇ ಇರಬೇಡಿ ಎಂದರು. ಟೈಪ್ ಮಾಡಲೂ ತ್ರಾಣವಿಲ್ಲದೆ, ಕಾರ್ಡಿನ ಫೋಟೋ ಮಾತ್ರ ನನ್ನವರಿಗೆ ಕಳಿಸಿದೆ. ಕೂಡಲೇ ಫೋನು ಬಂತು.

“ನೋಡ್ದೆ ಕಣೇ! ಈಗ್ಲೇ ಬತ್ತೀನಿ. ಕೊಡ ಗಿಡ ಎತ್ಬೇಡ, ಸುಮ್ನೆ ಮಲ್ಕೋ.”

ಅಬ್ಬಾ, ನನಗೆ ಹುಷಾರಿಲ್ಲವೆಂದರೆ ಓಡಿ ಬರುವ ಜೀವವೊಂದಿದೆಯಲ್ಲ ಅನ್ನಿಸಿ, ದಿಂಬಿಗೆ ಮುಖವೊತ್ತಿ ಅತ್ತುಬಿಟ್ಟೆ.

ಬಂದರು. ಒಂದು ಕೈಯಲ್ಲಿ ಮಲ್ಲಿಗೆ, ಇನ್ನೊಂದರಲ್ಲಿ ಅತ್ತೆ ಕಳಿಸಿದ ತಂಬಿಟ್ಟಿನ ಡಬ್ಬಿ. ಮಂಚದ ಮೇಲೆ ಕೂತು ನನ್ನ ಕೈ ಹಿಡಿದರು.

“ಎಷ್ಟನೇ ತಿಂಗ್ಳು?”

“ಯಾವ ತಿಂಗ್ಳು? ಜ್ವರ ಬಂದು ಮೂರನೇ ದಿನ ಕಣ್ರೀ.”

ಹೇಳುತ್ತಲೇ ನನಗೆ ಹೊಳೆಯಿತು. ಬಸುರು ನೋಡುವ ಕಾರ್ಡಿನಲ್ಲೂ ಎರಡೇ ಗೆರೆ. ಅದರಲ್ಲಿ ಮೂಡಿದ ಒಂಟಿ ಗೆರೆಯನ್ನು ನಾವಿಬ್ಬರೂ ಕಿಟಕಿ ಬೆಳಕಿಗೆ ಹಿಡಿದು ಎಷ್ಟು ಸಲ ನೋಡಿದ್ದೆವು!

“ಇದು ಡೆಂಗಿ ಕಾರ್ಡು,” ಎಂದೆ.

ಅವರು ಕೈ ಬಿಟ್ಟರು. ಮುಖ ನೋಡಬೇಕಿತ್ತು, ಉಗುಳಲೂ ಆಗದು ನುಂಗಲೂ ಆಗದು.

“ಅವ್ವ ಬೀದಿಗೆಲ್ಲಾ ಸಕ್ರೆ ಹಂಚ್ಬಿಟ್ಲು ಕಣೇ. ಈಗ ಏನಂತ ಹೇಳ್ಲಿ?”

“ನಂಗೆ ಹುಷಾರಿಲ್ಲ ಅಂತ ಹೇಳಿ.” ಸಿಟ್ಟು ನೆತ್ತಿಗೇರಿತ್ತು. ಆದರೂ ಹಾಳು ಆಸೆ, ಬಾಯಿಬಿಟ್ಟು ಕೇಳಿದೆ: “ಇವತ್ತೊಂದಿನ ಇರ್ರೀ.”

ಅವರು ಗಡಿಯಾರ ನೋಡಿದರು. ಸಂಜೆಯ ರೈಲಿಗೆ ಹೊತ್ತಾಗಿತ್ತು. ತಂಬಿಟ್ಟಿನ ಉಂಡೆಗಳನ್ನು ನನ್ನ ತಟ್ಟೆಗೆ ಹಾಕಿ, “ಡಬ್ಬಿ ಅವ್ವಂದು, ಕೇಳ್ತಾಳೆ,” ಎಂದು ಎತ್ತಿಕೊಂಡರು. ಹುಷಾರು ಎಂದೂ ಹೇಳಿದರು.

ಮಾತ್ರೆ ನುಂಗಬೇಕಿತ್ತು. ಮನೆಯಲ್ಲಿ ನೀರಿರಲಿಲ್ಲ. ಬೀದಿಯ ನಲ್ಲಿಗೆ ಹೋಗಿ ತುಂಬಿಸಿ, ಕೊಡ ನಾನೇ ಎತ್ತಿಕೊಂಡು ಬಂದೆ.