ಎಲ್ಲಿಟ್ಟರು ಎಂದು ಕೇಳಿದಾಕೆ

ಕಳೆದ ವಾರ ಆದೋನಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬರುತ್ತಿದ್ದೆ. ಯಾರದೋ ಮನೆಯ ಮುಂದೆ ಎಮ್ಮೆಗೆಂದು ಹತ್ತಿಕಾಳಿನ ಹಿಂಡಿ ನೆನೆಹಾಕಿದ್ದರು. ಆ ಹುಳಿ ಬೆರೆತ ಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ನಡುಬೀದಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಗಾಡಿಯವನು ತೆಲುಗಿನಲ್ಲಿ ಚೆನ್ನಾಗಿ ಬೈದ. ಬೈಯಲಿ ಬಿಡಿ. ನಮ್ಮ ಪಕ್ಕದ ಮನೆಯ ಅತ್ತೆಯ ಸೀರೆಯಿಂದ ಯಾವಾಗಲೂ ಇದೇ ವಾಸನೆ ಬರುತ್ತಿತ್ತು.

ಸ್ವಂತ ಅತ್ತೆಯೇನಲ್ಲ. ಮನೆಯ ಮುಂಭಾಗದಲ್ಲೇ ಹಿಂಡಿ, ಬೂಸಾ ಮಾರುವ ಅಂಗಡಿ ಇಟ್ಟುಕೊಂಡಿದ್ದಳು, ಹಾಗಾಗಿ ಓಣಿಗೆಲ್ಲ ಅತ್ತೆ. ದಪ್ಪ ದನಿ, ಚೂಪು ಕಣ್ಣು. ದನ ಕಟ್ಟಿದವರು ಯಾರೇ ಬರಲಿ, ಮೊದಲು ಕೂಡಿಸಿ ಮಾತಾಡಿಸಿಯೇ ಹಿಂಡಿ ತೂಗುತ್ತಿದ್ದಳು. ಮದುವೆಯಾಗಿ ಆ ಓಣಿಗೆ ಹೋದ ಹೊಸದರಲ್ಲಿ ನನಗೆ ಆಕೆಯ ಬಾಯಿ ಕಂಡರೆ ಆಗುತ್ತಿರಲಿಲ್ಲ.

ಆಮೇಲೆ ನನ್ನ ಕೂಸು ಹೋಯಿತು. ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಮುಖ ನೋಡುವಷ್ಟರಲ್ಲಿ ಬಟ್ಟೆಯಲ್ಲಿ ಸುತ್ತಿ ಒಯ್ದುಬಿಟ್ಟರು. ನಮ್ಮ ಕಡೆ ಅಂಥ ಕೂಸಿಗೆ ಸೂತಕವಿಲ್ಲ, ಹೆಸರಿಲ್ಲ, ದಿನ ಮಾಡುವುದಿಲ್ಲ. ಗಂಡಸರು ಒಯ್ದು ಎಲ್ಲೋ ಮಣ್ಣು ಮಾಡಿ ಬರುತ್ತಾರೆ. ಎಲ್ಲಿ ಎಂದು ತಾಯಿಗೆ ಹೇಳಬಾರದು. ಹೇಳಿದರೆ ಅಲ್ಲೇ ಹೋಗಿ ಕೂರುತ್ತಾಳಂತೆ, ಮುಂದೆ ಬಸಿರು ನಿಲ್ಲುವುದಿಲ್ಲವಂತೆ. ಮನೆಗೆ ಬಂದವರೆಲ್ಲ ಇನ್ನೊಂದು ಆಗುತ್ತದೆ ಬಿಡು ಎಂದು ಹೇಳಿ ಕಾಫಿ ಕುಡಿದು ಹೋದರು. ಎದೆಹಾಲು ಉಕ್ಕಿ ಬರುತ್ತಿತ್ತು. ಅವ್ವ ಎದೆಗೆ ಬಟ್ಟೆ ಬಿಗಿದು ಕಟ್ಟಿದಳು. ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಅತ್ತೆ ಬಂದವಳು ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ್ದು ಒಂದೇ ಮಾತು.

"ಎಲ್ಲಿಟ್ಟಾರ?"

ಗೊತ್ತಿಲ್ಲ ಎಂದೆ. ಆಕೆ ತಲೆಯಾಡಿಸಿ, "ನನಗೂ ಹೇಳಿಲ್ಲ ಯವ್ವಾ. ಇನ್ನಾ ಹುಡುಕಾಕ ಹತ್ತೀನಿ" ಎಂದಳು.

ಕೂಸು ಹೋದ ಮೇಲೆ ಅವತ್ತೇ ಮೊದಲ ಸಲ ನಾನು ಬಾಯಿಬಿಟ್ಟು ಅತ್ತದ್ದು.

ಆಕೆಯದು ಹರೆಯದಲ್ಲಿ ಆದ ಮಾತು. ಹಾಲಹರವಿ ಕಡೆಯ ಹಳ್ಳಿಯಲ್ಲಿ ಗಂಡನ ಮನೆ ಇದ್ದಾಗ ಚೊಚ್ಚಲ ಹೆಣ್ಣುಕೂಸು ಹೀಗೇ ಹೋಗಿತ್ತು. ಎಲ್ಲಿಟ್ಟರೆಂದು ಆಕೆಯ ಗಂಡನ ತಾಯಿ ಹೇಳದೆ ಸತ್ತಳು, ಮಾವನೂ ಹೇಳಲಿಲ್ಲ. ಗಂಡ ಹಾಸಿಗೆ ಹಿಡಿದಾಗ ಕಾಲು ಹಿಡಿದು ಕೇಳಿದರೆ ಗೋಡೆಯ ಕಡೆ ಮಗ್ಗುಲಾದನಂತೆ. ಆಮೇಲೆ ಹುಟ್ಟಿದ ಗಂಡುಮಕ್ಕಳು ಬೆಳೆದು ನಿಂತರೂ ಆಕೆಗೆ ಇದೊಂದು ಕೊರಗು ಬಿಟ್ಟಿರಲಿಲ್ಲ. ಗೊತ್ತಿದ್ದವರೆಲ್ಲ ಒಬ್ಬೊಬ್ಬರೇ ಹೋಗುತ್ತಿದ್ದರು. ಆಕೆಗೂ ಹೊಟ್ಟೆಯಲ್ಲಿ ಗಡ್ಡೆಯೆಂದು ಡಾಕ್ಟರು ಹೇಳಿದ್ದರು. ಅಂಗಡಿಯಲ್ಲಿ ನಗುತ್ತ ಕೂತವಳ ಒಳಗೆ ಇಷ್ಟು ಉರಿ ಇದೆಯೆಂದು ನನಗೆ ಹೇಗೆ ತಿಳಿಯಬೇಕು...

ಫೋನಿನಲ್ಲಿ ಗ್ರೂಪು ಮಾಡಿಕೊಡು ಎಂದು ನನ್ನ ಬೆನ್ನು ಬಿದ್ದದ್ದೂ ಆಕೆಯೇ. ಮನೆಯವರ ಗ್ರೂಪು ಆಕೆಗೆ ಸಾಕಾಗಿ ಹೋಗಿತ್ತು. "ದಿನಾ ಹೂವಿನ ಫೋಟೋ ಕಳಸ್ತಾರ, ಒಬ್ಬರೂ ಮಾತಾಡಂಗಿಲ್ಲ" ಎನ್ನುತ್ತಿದ್ದಳು. ಹಿಂಡಿ ಕೊಳ್ಳಲು ಬರುವವರಲ್ಲಿ ನಮ್ಮಂಥ ಹೆಂಗಸರು ಎಷ್ಟು ಮಂದಿ ಎಂದು ಆಕೆಗೆ ಗೊತ್ತಿತ್ತು. ಒಬ್ಬೊಬ್ಬರನ್ನೇ ಕೇಳಿ ಸೇರಿಸಿದೆವು. ಅವರ ಮೂಲಕ ಬೇರೆ ಊರಿನವರೂ ಬಂದರು, ಮದ್ದಿಕೇರದ ಒಬ್ಬ ಹುಡುಗಿ, ಮಂತ್ರಾಲಯದ ಲಾಡ್ಜಿನಲ್ಲಿ ರೂಮು ಒರೆಸುವಾಕೆ, ಹಾಲಹರವಿಯ ಕೂಲಿ ಹೆಂಗಸು. ಅವರಿಂದ ಇನ್ನಷ್ಟು ಮಂದಿ. ಶಾಲೆಗೆ ಹೋದವರು ಕಲಿತದ್ದು ತೆಲುಗು, ಉಳಿದವರಿಗೆ ಅದೂ ಇಲ್ಲ. ಹಾಗಾಗಿ ಬರೆಯುವ ಮಾತೇ ಇಲ್ಲ, ಮೈಕು ಒತ್ತಿ ಹಿಡಿದು ಮನೆಯ ಕನ್ನಡದಲ್ಲಿ ಹೇಳುವುದು.

ಕಟ್ಟಳೆ ಆಕೆಯದೇ. ದೇವರ ಫೋಟೋ ಹಾಕುವಂತಿಲ್ಲ. ಧೈರ್ಯ ಹೇಳುವಂತಿಲ್ಲ. ಆದದ್ದನ್ನು ಆದಂತೆ ಹೇಳಬೇಕು. ಕೇಳಿದವರು, ಹಿಂದೆ ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತಿದ್ದರಲ್ಲ, ಹಾಗೆ ಹೂಂ ಎಂದು ತಮ್ಮ ದನಿಯಲ್ಲಿ ಕಳಿಸಬೇಕು. ಕೇಳಿ ಸುಮ್ಮನಿರುವಂತಿಲ್ಲ. ನನಗೆ ನಗು ಬಂದಿತ್ತು. ನನ್ನ ಮಾತು ಹೇಳಿ ಕಳಿಸಿದ ದಿನ ಊರೂರಿಂದ ಒಂದೊಂದೇ ಹೂಂ ಬಂದಾಗ ಮಾತ್ರ ಫೋನನ್ನು ಎದೆಗವುಚಿಕೊಂಡು ಕೂತೆ. ಎಲ್ಲೋ ಪಾತ್ರೆಯ ಸದ್ದು, ಎಲ್ಲೋ ಕೋಳಿ ಕೂಗು, ನಡುವೆ ಹೂಂ.

ಮಂತ್ರಾಲಯದಾಕೆ ಮೊದಲ ಸಲ ಹೇಳಿದಾಗ ಟಿವಿ ಸೀರಿಯಲ್ಲಿನಂತೆ ಹೇಳಿದ್ದಳು. ದೇವರು ಕನಸಿನಲ್ಲಿ ಬಂದ, ಕೂಸು ಕೈಚಾಚಿತು, ಅದು ಇದು. ಒಬ್ಬರಿಗೂ ಹೂಂ ಎನ್ನಲು ಬಾಯಿ ಬರಲಿಲ್ಲ. ಅತ್ತೆ ಮೆತ್ತಗೆ, "ಚೆಂದ ಮಾಡಬ್ಯಾಡ ತಂಗಿ. ಆದಷ್ಟು ಹೇಳು" ಎಂದಳು. ಮರುದಿನ ಆಕೆ ಇನ್ನೊಮ್ಮೆ ಹೇಳಿದಳು. ಕೂಸನ್ನು ಒಯ್ದ ಮೇಲೆ ರಕ್ತದ ಬಟ್ಟೆ ನಾನೇ ಒಗೆದೆ, ಅವತ್ತು ಸಂಜೆ ರೊಟ್ಟಿಯನ್ನೂ ನಾನೇ ಬಡಿದೆ, ಉಂಡವರು ಉಪ್ಪು ಕಮ್ಮಿ ಎಂದರು. ಅಷ್ಟೇ. ಆ ದಿನದಿಂದ ಆಕೆ ನಮ್ಮವಳಾದಳು.

ಆದರೆ ಅತ್ತೆ ತನ್ನದನ್ನು ಗ್ರೂಪಿನಲ್ಲಿ ಹೇಳಿರಲಿಲ್ಲ. ಎಲ್ಲಿಟ್ಟರೋ ಗೊತ್ತಿಲ್ಲ ಎನ್ನುವಷ್ಟಕ್ಕೇ ನಿಲ್ಲಿಸುತ್ತಿದ್ದಳು. ಮದ್ದಿಕೇರದ ಹುಡುಗಿ ನೇರ ಬಾಯಿಯವಳು, ಎಲ್ಲರದನ್ನೂ ಕೇಳುತ್ತಿ, ನಿನ್ನದು ಯಾಕೆ ಮುಚ್ಚಿಡುತ್ತಿ ಎಂದು ಗ್ರೂಪಿನಲ್ಲೇ ಕೇಳಿಬಿಟ್ಟಳು. ಅವತ್ತು ಮಧ್ಯಾಹ್ನ ಅತ್ತೆ ಅಂಗಡಿಯ ಬಾಗಿಲು ಮುಂದಕ್ಕೆಳೆದು ಹಿಂಡಿ ಚೀಲದ ಮೇಲೆ ಕೂತಳು. ಫೋನು ನಾನೇ ಹಿಡಿದೆ. ಊರ ಹೆಸರು ಹೇಳಿದಳು, ಮನೆತನ ಹೇಳಿದಳು. ಆಮೇಲೆ ನನಗೂ ಹೇಳದಿದ್ದ ಮಾತು ಹೇಳಿದಳು.

"ಸತ್ತೇ ಹುಟ್ಟೈತಿ ಅಂದ್ರು. ಸುಳ್ಳು. ಅದು ಅತ್ತಿತ್ತು. ನಾ ಕೇಳೀನಿ."

ಹಾಗೆಂದದ್ದಕ್ಕೆ ಗಂಡನ ಮನೆಯವರು ಬಾಣಂತಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನ ಮಾಡಿ, ಗಾಳಿ ಬಿಡಿಸಲು ಬೇವಿನ ಸೊಪ್ಪಿನಿಂದ ಇಳಿ ತೆಗೆಸಿದ್ದರಂತೆ. ಅದಾದ ಮೇಲೆ ಆಕೆ ಬಾಯಿಗೆ ಬೀಗ ಹಾಕಿಕೊಂಡಳು. ಎಷ್ಟೋ ಸಲ ತನಗೇ ಅನುಮಾನ ಬರುತ್ತಿತ್ತಂತೆ, ನಿಜಕ್ಕೂ ತಲೆ ಕೆಟ್ಟಿತ್ತೇನೋ ಎಂದು. ಎಲ್ಲರ ಹೂಂ ಬಂತು. ಅತ್ತೆ ಒಂದೊಂದನ್ನೂ ಕಿವಿಗೆ ಒತ್ತಿಕೊಂಡು ಕೇಳಿದಳು. ಆಮೇಲೆ ಕೆಲವು ದಿನ ಅನ್ನ ಸೇರದೆ ಒದ್ದಾಡಿದಳು.

ಉತ್ತರ ಬಂದದ್ದು ಹಾಲಹರವಿಯ ಹೆಂಗಸಿನ ಫೋನಿನಿಂದ, ದನಿ ಮಾತ್ರ ಆಕೆಯದಲ್ಲ. ಆಕೆ ಪಾತ್ರೆ ತೊಳೆಯುತ್ತ ಫೋನಿನಲ್ಲಿ ಹಚ್ಚಿಟ್ಟಿದ್ದ ನಮ್ಮ ಅತ್ತೆಯ ಮಾತನ್ನು ಆ ಮನೆಯ ಮುದುಕಿ, ಆಕೆಯ ಗಂಡನ ತಾಯಿ, ಕೇಳಿಸಿಕೊಂಡು, ಮನೆತನದ ಹೆಸರು ಬಂದಕೂಡಲೇ ಇನ್ನೊಮ್ಮೆ ಹಚ್ಚು ಎಂದಿದ್ದಳು. ಹಿಂದೆ ಅತ್ತೆಯ ಹೆರಿಗೆಗೆ ನೀರು ಕಾಯಿಸಿದ್ದ ಕೂಲಿ ಹುಡುಗಿ ಈ ಮುದುಕಿಯೇ.

"ಅತ್ತಿತ್ತವ್ವಾ. ನಿಜಂ. ನಾನೂ ಕೇಳೀನಿ. ಒಂದೇ ಸಲ ಅತ್ತು ಸುಮ್ಮಾತು. ಸತ್ತೇ ಹುಟ್ಟೈತಿ ಅಂದ್ರ ಜಲ್ದಿ ಮರೀತಾಳ ಅಂತ ನಿಮ್ಮತ್ತಿ ಅಂದ್ಲು, ನಾವು ಬಾಯಿ ಮುಚ್ಕೊಂಡ್ವಿ. ಹೊಲದ ಬದುವಿನ್ಯಾಗ, ರಸ್ತಾದ ಕಡೀಗಿನ ಬೇವಿನ ಗಿಡದ ಬುಡಕ ಇಟ್ಟಾರ."

ಅತ್ತೆ ಅದನ್ನು ಮತ್ತೆ ಮತ್ತೆ ಹಚ್ಚಿಸಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ, ದಡ್ಡಿ ನಾನು. ತನಗೆ ತಲೆ ಕೆಟ್ಟಿರಲಿಲ್ಲ ಎಂದು ಗೊತ್ತಾಯಿತು. ಅದರ ಜೊತೆಗೆ, ಜೀವ ಇದ್ದಷ್ಟು ಹೊತ್ತೂ ಆ ಕೂಸನ್ನು ತನ್ನ ಕೈಗೆ ಕೊಡಲಿಲ್ಲ ಎಂಬುದೂ ಗೊತ್ತಾಯಿತು. ಚೀಲಕ್ಕೆ ಹಣೆ ಚಚ್ಚಿಕೊಂಡು ಅತ್ತಳು. ಹಿಡಿಯಲು ಹೋದ ನನ್ನನ್ನು ತಳ್ಳಿದಳು. ಈ ಗ್ರೂಪು ಯಾಕಾದರೂ ಮಾಡಿಕೊಟ್ಟೆನೋ ಎಂದು ಅವತ್ತು ನನ್ನನ್ನು ನಾನೇ ಶಪಿಸಿಕೊಂಡೆ.

ಒಂದು ವಾರ ಬಿಟ್ಟು ಆಟೋ ಮಾಡಿಕೊಂಡು ಇಬ್ಬರೂ ಹೋದೆವು. ಹಾಲಹರವಿಯ ಹೆಂಗಸು ಮುದುಕಿಯ ಕೈಹಿಡಿದುಕೊಂಡು ಕಾಯುತ್ತಿದ್ದಳು. ಅದುವರೆಗೆ ದನಿಯಷ್ಟೇ ಕೇಳಿದ್ದ ನಾವು ಮುಖ ನೋಡಿಕೊಂಡದ್ದು ಅವತ್ತೇ ಮೊದಲು. ಮುದುಕಿ ಅತ್ತ ಇತ್ತ ನೋಡಿ, ಕೊನೆಗೆ ರಸ್ತೆಯ ನಟ್ಟನಡುವೆ ಬೆರಳು ಮಾಡಿದಳು. ಬೇವಿನ ಗಿಡ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಬದುವನ್ನೂ ಗಿಡವನ್ನೂ ತೆಗೆದು ಡಾಂಬರು ಹಾಕಿದ್ದರು. ಹತ್ತಿ ಲಾರಿಗಳು ಭರ್ರೆಂದು ಹೋಗುತ್ತಿದ್ದವು. ಅತ್ತೆ ತಂದಿದ್ದ ಅರಿಸಿನ ಕುಂಕುಮ ಕೈಯಲ್ಲೇ ಉಳಿಯಿತು. ಇಡಲು ಜಾಗ ಎಲ್ಲಿದೆ?

"ಇದರ ಮ್ಯಾಲೆ ಎಷ್ಟು ಸಲ ಬಸ್ಸಿನ್ಯಾಗ ಹೋಗೀನಿ ಯವ್ವಾ" ಎಂದಳು. "ನಿದ್ದಿ ಮಾಡ್ಕೋತ ಹೋಗೀನಿ."

ಹೂಂ ಎಂದೆ. ಮುದುಕಿ, ಸೊಸೆ ಇಬ್ಬರೂ ಹೂಂ ಅಂದರು. ಆಟೋ ಹತ್ತುವ ಮುಂಚೆ ಅತ್ತೆ ನನ್ನ ರಟ್ಟೆ ಹಿಡಿದು, "ನಿನ್ನ ಗಂಡ ಬದುಕ್ಯಾನ. ಕೇಳು. ನನ್ನಂಗ ಆಗಬ್ಯಾಡ" ಎಂದಳು. ರಟ್ಟೆಯ ಮೇಲೆ ಅರಿಸಿನ ಹತ್ತಿತು.

ನಾನು ಕೇಳಲಿಲ್ಲ. ಎಲ್ಲಿ ಡಾಂಬರು ಬಿದ್ದಿದೆ ಎನ್ನುತ್ತಾರೋ ಎಂಬ ಹೆದರಿಕೆ. ಅತ್ತೆ ಆ ವರ್ಷ ಹತ್ತಿ ಬಿಡಿಸುವ ಕಾಲ ಮುಗಿಯುವುದರೊಳಗೆ ತೀರಿಕೊಂಡಳು. ಮಣ್ಣಿಗೆ ಯಾರ್‍ಯಾರೋ ಹೆಂಗಸರು ಊರೂರಿಂದ ಬಂದದ್ದು ಕಂಡು ಮಕ್ಕಳು ಗಾಬರಿಯಾದರು. ನೀವು ಯಾರ ಕಡೆಯವರು ಎಂದರೆ, ಮದ್ದಿಕೇರದ ಹುಡುಗಿ, ಆಕೆಯ ಕಡೆಯವರು ಎಂದಳು. ಅದಕ್ಕಿಂತ ಹೆಚ್ಚು ಹೇಳಿದರೆ ಆ ಮಕ್ಕಳಿಗೆ ಏನು ತಿಳಿಯುತ್ತಿತ್ತು? ಅಕ್ಕ ಒಬ್ಬಳಿದ್ದಳು ಎಂಬುದನ್ನೇ ಅವರಿಗೆ ಯಾರೂ ಹೇಳಿರಲಿಲ್ಲ.

ಕಳೆದ ವಾರ ಆ ವಾಸನೆ ಕುಡಿದು ಮನೆಗೆ ಬಂದ ಸಂಜೆ ಗಂಡನಿಗೆ ಉಣ್ಣಲು ಬಡಿಸಿ ಎದುರು ಕೂತೆ. ನಮ್ಮ ಕೂಸನ್ನು ಎಲ್ಲಿಟ್ಟಿರಿ ಎಂದು ಕೇಳಿದೆ. ಕಲಸಿದ ತುತ್ತು ಅಲ್ಲೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ, ಇಲ್ಲವೇ ಎದ್ದು ಹೋಗುತ್ತಾರೆ ಎಂದುಕೊಂಡೆ.

"ಇಷ್ಟು ದಿನ ಯಾಕ ಕೇಳಲಿಲ್ಲ?" ಎಂದರು. "ನಾ ಒಬ್ಬಾವನೇ ಹೋಗಿ ಬರ್ತಿದ್ದೆ."

ಮರುದಿನ ಬೆಳಿಗ್ಗೆ ಕರೆದುಕೊಂಡು ಹೋದರು. ಊರಾಚೆ, ಜಾಲಿ ಗಿಡಗಳ ಮಗ್ಗುಲಿಗೆ, ಅವರೇ ಇಟ್ಟ ಒಂದು ಚಪ್ಪಟೆ ಕಲ್ಲು. ಬಿಸಿಲು ನೆತ್ತಿಗೇರುವವರೆಗೂ ಅಲ್ಲೇ ಕೂತೆ. ಅವರು ಏಳು ಎನ್ನಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು ಎನಿಸಿತು. ಹೇಳಬೇಕಾದವಳೇ ಇಲ್ಲ ಎಂಬುದೂ ಆಗಲೇ ನೆನಪಾಯಿತು.

ಗ್ರೂಪು ತೆರೆದು ಮೈಕು ಒತ್ತಿ ಹಿಡಿದೆ. "ಅತ್ತೀ..." ಎಂದೆ. ಅಷ್ಟನ್ನೇ ಕಳಿಸಿದೆ.