ಗೋಡೆಗೆ ಮುಖ ಮಾಡಿ ಹೇಳಿದ ಉತ್ತರಗಳು

ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಹದಿನೆಂಟು ದಿನ ಇರುವಾಗ ನನ್ನ ಅಣ್ಣ ಬಲಗೈ ಮುರಿದುಕೊಂಡ. ಯಲಬುರ್ಗಾದ ಬಸ್ಸಿನ ಮೇಲಿಂದ ಜೋಳದ ಚೀಲ ಇಳಿಸುವಾಗ ಏಣಿಯ ಮೇಲೆ ಕಾಲು ಜಾರಿತ್ತು. ಬೇವೂರಿನ ನಮ್ಮ ಮನೆಗೆ ನಡೆದೇ ಬಂದ, ಯಾರದೋ ಕೂಸನ್ನು ಎತ್ತಿಕೊಂಡವನ ಹಾಗೆ ಕೈಯನ್ನು ಎದೆಗೆ ಒತ್ತಿ ಹಿಡಿದು. ತಳಕಲ್ಲಿನಲ್ಲಿ ಎಲುಬು ಕಟ್ಟುವ ಮುದುಕ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ. ಒಂದು ತಿಂಗಳು ಬಿಚ್ಚಬೇಡ ಎಂದ.

ಕೊಪ್ಪಳದ ಕಾಲೇಜಿನಲ್ಲಿ ವಿಚಾರಿಸಿದರೆ ದಾರಿ ಇದೆ ಎಂದರಂತೆ. ಸರ್ಕಾರಿ ಡಾಕ್ಟರ ಚೀಟಿ ತಂದರೆ ಅವನು ಹೇಳಿದ್ದನ್ನು ಬೇರೆಯವರು ಬರೆಯಬಹುದು. ಆದರೆ ಬರೆಯುವವರು ಅವನಿಗಿಂತ ಕಡಿಮೆ ಓದಿರಬೇಕು. ಹೆಚ್ಚು ಓದಿದವರಾದರೆ ತಮ್ಮ ತಲೆಯಿಂದ ಉತ್ತರ ಸೇರಿಸಿಬಿಟ್ಟಾರು ಎಂಬ ಅನುಮಾನ.

"ಕಡಿಮಿ ಕಲ್ತಾರು ಬೇಕಂದ್ರ ಊರ ತುಂಬ ಅದಾರ," ಎಂದಳು ಅವ್ವ. "ಅಕ್ಷರ ಛಲೋ ಇರಾಕಿ ಬೇಕಂದ್ರ ಮನ್ಯಾಗ ಅದಾಳ."

ನನಗಾಗ ಹದಿನೇಳು. ಏಳನೆಯ ತರಗತಿ ಮುಗಿದ ಮೇಲೆ ನನ್ನನ್ನು ಶಾಲೆ ಬಿಡಿಸಿದ್ದರು, ಇಬ್ಬರನ್ನೂ ಓದಿಸಲು ಆಗುವುದಿಲ್ಲವೆಂದು. ಆ ದಿನ ಅಣ್ಣ ಅಲ್ಲೇ ಕೂತಿದ್ದ. ಒಂದು ಮಾತೂ ಆಡಿರಲಿಲ್ಲ.

ಪರೀಕ್ಷೆಯ ದಿನ ಕಾಲೇಜಿನಲ್ಲಿ ನಮಗೆ ಬೇರೆ ಕೋಣೆ ಕೊಟ್ಟರು. ಮುರಿದ ಬೆಂಚುಗಳನ್ನು ಒಟ್ಟಿದ್ದ, ಸುಣ್ಣ ಉದುರುವ ಹಳೆಯ ಕೋಣೆ. ಸನ್ನೆ ಮಾಡಬಾರದೆಂದು ಮೇಲ್ವಿಚಾರಕರು ಅಣ್ಣನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ನಾನು ಅವನ ಬೆನ್ನ ಹಿಂದೆ.

"ನೀ ಬರಿಯೋ ಕೈ ಅಷ್ಟವಾ," ಎಂದರು ನನಗೆ. "ಬಾಯಿ ಬಿಟ್ಟಿ ಅಂದ್ರ ಪೇಪರ್ ಕಸಗೊಂಡು ಇಬ್ಬರನ್ನೂ ಹೊರಗ ಹಾಕ್ತೀನಿ."

"ಅಕಿ ಬಾಯಿ ಬಿಟ್ರೂ ಏನ್ ಬಂದೀತ್ರಿ ಸರ್," ಎಂದ ಅಣ್ಣ. "ಏಳನೇತ್ತಕ್ಕ ಮುಗೀತು ಅಕಿ ಸಾಲಿ."

ಇಬ್ಬರೂ ನಕ್ಕರು. ಆಮೇಲೆ ಅಣ್ಣ ಪ್ರಶ್ನೆಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳತೊಡಗಿದ. ಅವನ ಮುಖ ಕಾಣದ್ದರಿಂದ, ಮಾತು ಗೋಡೆಗೆ ಬಡಿದು ತಿರುಗಿ ಬರುತ್ತಿದ್ದುದರಿಂದ, ಸ್ವಲ್ಪ ಹೊತ್ತಿಗೆ ಗೋಡೆಯೇ ಮಾತಾಡುತ್ತಿದೆ ಅನ್ನಿಸುತ್ತಿತ್ತು.

ಎರಡು ಪೇಪರು ಸರಿಯಾಗಿ ಬರೆದೆ. ಮೂರನೆಯದು ಇತಿಹಾಸ, ಅವನ ಪ್ರೀತಿಯ ವಿಷಯ. ಎರಡನೆಯ ಉತ್ತರ ಮುಗಿಯುವಾಗ ಪೆನ್ನಿನ ಶಾಯಿ ತೆಳ್ಳಗಾಗುತ್ತಾ ಬಂತು. ಮೂರನೆಯ ಉತ್ತರದ ಮೊದಲ ಸಾಲಿಗೇ ಖಾಲಿಯಾಯಿತು. ಶಾಯಿಯ ದೌತಿ ಕಿಟಕಿಯಲ್ಲಿತ್ತು, ಪತ್ರಿಕೆ ಓದುತ್ತಿದ್ದ ಮೇಲ್ವಿಚಾರಕರ ಹಿಂದೆ. ಕೇಳಬೇಕಾದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಹೊರಗೆ. ನಾನು ಹಾಗೆಯೇ ತಿಳಿದಿದ್ದೆ.

ಅಣ್ಣ ಮಾತ್ರ ನಿಲ್ಲಲಿಲ್ಲ. ಪೆನ್ನಿನ ಕರಕರ ಕೇಳಿದರೆ ಮುಂದಿನ ವಾಕ್ಯ ಹೇಳುವುದು ಅವನ ರೂಢಿ. ನಾನು ಒಣ ನಿಬ್ಬನ್ನು ಹಾಳೆಯ ಮೇಲೆ ಎಳೆದೆ. ಕರಕರ ಎಂದಿತು. ಅವನು ಮುಂದಿನ ವಾಕ್ಯ ಹೇಳಿದ. ಮತ್ತೆ ಎಳೆದೆ. ಪುಟ ತುಂಬುವಷ್ಟು ಹೊತ್ತಾದಾಗ ಪುಟ ತಿರುವಿದೆ. ಬಿಳಿಯ ಹಾಳೆಯ ಮೇಲೆ ಗೀರುಗಳಷ್ಟೇ ಇದ್ದವು. ತಲೆ ವಾರೆ ಮಾಡಿ ನೋಡಿದರೆ ಅಕ್ಷರ ಕಾಣುತ್ತಿದ್ದವು, ನೆಟ್ಟಗೆ ನೋಡಿದರೆ ಏನೂ ಇಲ್ಲ.

ಆ ಉತ್ತರ ಮುಗಿಯುವವರೆಗೆ ನನಗೆ ಭಯವಿತ್ತು, ಅದು ನಿಜ. ನಾಲ್ಕನೆಯದಕ್ಕೆ ಭಯವಿರಲಿಲ್ಲ. ಆಗ ಮೇಲ್ವಿಚಾರಕರು ನೀರು ಕುಡಿಯಲು ಹೊರಗೆ ಹೋಗಿದ್ದರು. ದೌತಿ ನಾಲ್ಕು ಹೆಜ್ಜೆ ದೂರವಿತ್ತು. ನಾನು ಏಳಲಿಲ್ಲ. ಅವನ ದೊಡ್ಡ ದೊಡ್ಡ ಮಾತುಗಳು ಬಂದು ಬಂದು ನನ್ನ ಕೈಯಲ್ಲಿ ಇಲ್ಲವಾಗುತ್ತಿದ್ದವು. ಅದು ನನಗೆ ಹಿತವಾಗಿತ್ತು. ಐದನೆಯದನ್ನೂ ಹಾಗೆಯೇ ಮಾಡಿದೆ. ಗಂಟೆ ಹೊಡೆದಾಗ ಹಾಳೆಗಳಿಗೆ ದಾರ ಕಟ್ಟಿ ಮಗುಚಿಟ್ಟೆ.

"ಭಾಳ ಛಲೋ ಆತು," ಎಂದ ಅಣ್ಣ ಬಸ್ಸಿನಲ್ಲಿ. "ಕೈ ನೋಯಾಕತ್ತೈತೇನು?"

ಫಲಿತಾಂಶದಲ್ಲಿ ಅವನ ನಂಬರಿರಲಿಲ್ಲ. ಅಂಕಪಟ್ಟಿ ಬಂದಾಗ ಇತಿಹಾಸದ ಮುಂದಿನ ಅಂಕಿಯನ್ನು ಅವನು ಬಹಳ ಹೊತ್ತು ನೋಡಿದ.

"ನಾ ಹೇಳಿದ್ದು ನಿನಗ ಕೇಳಿತ್ತಲ್ಲ?"

"ಕೇಳಿತ್ತಣ್ಣ."

"ಎಲ್ಲಾ ಬರದಿಯಲ್ಲ?"

"ಕೇಳಿದ್ದೆಲ್ಲಾ ಬರದೀನಿ."

ಇಷ್ಟೇ ನಾನು ಅಂದದ್ದು. ಅವನು ನನ್ನನ್ನು ಅನುಮಾನಿಸಲಿಲ್ಲ, ತನ್ನನ್ನು ಅನುಮಾನಿಸಿದ. "ಬಾಯಿ ಬಿಟ್ಟು ಹೇಳಿದ್ನೋ, ಮನಸ್ಸಿನ್ಯಾಗ ಹೇಳಿಕೊಂಡ್ನೋ," ಎನ್ನತೊಡಗಿದ. ಊಟಕ್ಕೆ ಕೊಡು ಎಂದು ಕೇಳಿ, ಅವ್ವ ಎದ್ದು ಹೋಗುವಾಗ "ಈಗ ನಾ ಏನರ ಅಂದ್ನೇನು?" ಎಂದು ನನ್ನನ್ನು ಕೇಳುತ್ತಿದ್ದ. ಗಾಳಿ ಸೋಕಿದೆ ಎಂದು ಅವ್ವ ತಾಯಿತ ಕಟ್ಟಿಸಿದಳು. ದಬ್ಬೆ ಬಿಚ್ಚಿ ಕೈ ನೆಟ್ಟಗಾಗಿತ್ತು, ತಾನೇ ಬರೆಯಬಹುದಿತ್ತು. ಆದರೂ ಅವನು ಮತ್ತೆ ಪರೀಕ್ಷೆಗೆ ಕೂರಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲಿನಿಂದ ಬಂದಾಗ ಒಳಗೋಣೆಯಲ್ಲಿ ಅವನ ದನಿ ಕೇಳಿತು. ಇಣುಕಿದೆ. ಗೋಡೆಗೆ ಮುಖ ಮಾಡಿ ಕೂತು ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಹೇಳುತ್ತಿದ್ದ, ಒಂದು ಮಾತೂ ತಪ್ಪದೆ. ಎಡಗೈಯನ್ನು ಕೊರಳ ಮೇಲೆ ಇಟ್ಟುಕೊಂಡಿದ್ದ, ದನಿ ನಿಜವಾಗಿ ಹೊರಡುತ್ತಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುವವನಂತೆ. ಆ ಉತ್ತರ ನನಗೂ ಬಾಯಿಪಾಠವಾಗಿತ್ತು. ನಾನು ಸದ್ದಿಲ್ಲದೆ ಹಿಂದೆ ಸರಿದೆ.

ಆಮೇಲೆ ಅವನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲಗಳ ಮೇಲೆ ಗುರುತು ಬರೆಯುವ ಕೆಲಸ ಹಿಡಿದ. ಯಂತ್ರದ ಸದ್ದಿಗೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳದು, ಎಲ್ಲರದೂ ಕೈಸನ್ನೆ. ಅದಕ್ಕೇ ಅವನಿಗೆ ಅಲ್ಲಿ ಹಿಡಿಸಿತು ಎಂದು ನನಗೆ ಗೊತ್ತಿತ್ತು.

ನನ್ನನ್ನು ಕುಷ್ಟಗಿಗೆ ಕೊಟ್ಟಿದ್ದರು. ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಹೇಳಿಯೇ ಬಿಡಬೇಕೆಂದು ಗಿರಣಿಗೆ ಹೋದೆ. ಮಧ್ಯಾಹ್ನದ ಊಟದ ಬಿಡುವು, ಯಂತ್ರ ನಿಂತಿತ್ತು. ಶಾಯಿ ತೀರಿದ್ದನ್ನು ಹೇಳಿದೆ, ಏಳದೆ ಕೂತದ್ದನ್ನೂ ಹೇಳಿದೆ. ಅವನು ಬೈಯುತ್ತಾನೆ ಎಂದು ಕಾದೆ. ಹೊಡೆಯಲಿ ಎಂದೂ ಇತ್ತು.

"ಹಂಗಂದ್ರ ನಾ ಹೇಳಿದ್ದೆ," ಎಂದ.

"ಹೇಳಿದ್ದಿ ಅಣ್ಣ."

"ಬಾಯಿ ಬಿಟ್ಟು?"

"ಬಾಯಿ ಬಿಟ್ಟು. ಐದನೇದ್ದರ ತನಕಾ."

ಅವನ ಮುಖ ಸಡಿಲಾಯಿತು. ನೋಡುತ್ತಿದ್ದಂತೆ ಪರೀಕ್ಷೆಗೆ ಕೂತಾಗಿನ ಇಪ್ಪತ್ತೊಂದರ ಹುಡುಗನ ಮುಖವಾಯಿತು. ಜ್ವರ ಬಿಟ್ಟವನ ಹಾಗೆ ಉಸಿರು ಬಿಟ್ಟು ಗೋಣಿಚೀಲಕ್ಕೆ ಒರಗಿ ಕೂತ. ನಾನು ಮಾಡಿದ್ದರ ಬಗ್ಗೆ ಏನನ್ನೂ ಕೇಳಲಿಲ್ಲ. ನಾನು ಅಲ್ಲಿ ನಿಂತಿರುವುದೇ ಅವನಿಗೆ ಮರೆತಂತಿತ್ತು. ಕ್ಷಮಿಸು ಎಂಬ ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಯಂತ್ರ ಶುರುವಾಯಿತು.